ಕ್ರಿಪ್ಟ್ ಎಲೆ ಎಲ್ಲಾ ಕರಗೋಯ್ತು, ಗಿಡ ಕಿತ್ತು ಬಿಸಾಕ್ಲಾ?

ಪ್ರಶ್ನೆ: "ಸರ್, ನಾವಿರೋದು ಮೂಡಿಗೆರೆ ಹತ್ರ. ಮಗನ ಹಠಕ್ಕೆ ಮೇ ಕೊನೇಲಿ 2 ಅಡಿ ಅಕ್ವೇರಿಯಂ ತಂದ್ವಿ. ತಳಕ್ಕೆ ಮನೆ ಹಿಂದಿನ ತೋಟದ ಮಣ್ಣು ಒಂದಿಂಚು ಹಾಕಿ ಮೇಲೆ ತೊಳೆದ ಮರಳು ಹಾಕಿದೀವಿ. ನಡುವೆ ಗಿಡ್ಡಕ್ಕೆ ಪೊದೆ ಥರ ಬೆಳೆಯೋ ಗಿಡ ಬೇಕಿತ್ತು, ಅದಕ್ಕೆ ಕ್ರಿಪ್ಟೋಕೊರಿನ್ ವೆಂಡ್ಟಿ (ಚಿಕ್ಕದಾಗಿ ಕ್ರಿಪ್ಟ್ ಅಂತಾರೆ) ನಾಲ್ಕು ಕುಂಡ ಬೆಂಗಳೂರಿಂದ ಕೊರಿಯರ್ ತರಿಸಿದ್ವಿ. ಬಂದಾಗ ಎಷ್ಟು ಚೆನ್ನಾಗಿತ್ತು ಅಂದ್ರೆ! ಒಂದು ವಾರಕ್ಕೆ ಎಲೆ ತೂತು ಬಿತ್ತು, ಆಮೇಲೆ ಆರ್ಪಾರ್ ಕಾಣೋ ಹಾಗಾಗಿ ಮುಟ್ಟಿದ್ರೆ ಲೋಳೆ. ಬಾವಿ ನೀರು ಮಳೆಗೆ ಕೆಂಪಾಗಿದೆ ಅಂತ ಅಷ್ಟೊತ್ತಿಗೆ ಸೂರಿನ ನೀರು ಡ್ರಮ್ಮಲ್ಲಿ ಹಿಡಿದು ಮುಕ್ಕಾಲು ಟ್ಯಾಂಕು ಬದಲಾಯಿಸಿದ್ವಿ. ನಾಲ್ಕು ದಿನಕ್ಕೆ ಮೀನಿಗೆ ಬಿಳಿಚುಕ್ಕೆ ಬಂತು, ಎರಡು ಹಿಡಿ ಕಲ್ಲುಪ್ಪು ಹಾಕಿದ್ವಿ. ನಮ್ಮನೆಯವರು ಬೇರು ಕೊಳೆತಿದೆಯಾ ನೋಡ್ತೀನಿ ಅಂತ ಗಿಡ ಎರಡು ಸಲ ಕಿತ್ತು ನೆಟ್ರು. ಮೋಡ ಅಂತ ಲೈಟು ದಿನಕ್ಕೆ 12 ಗಂಟೆ ಉರಿಸ್ತಿದೀವಿ. ಈಗ ಎಲೆ ಒಂದೂ ಇಲ್ಲ, ಬುಡ ಮಾತ್ರ ಇದೆ. ಅಂಗಡಿಯವರು ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಹಾಕದೆ ಇದು ಬರಲ್ಲ ಅಂತಾರೆ. ಇನ್ನೊಬ್ಬರು ಇದು ಅಂಟುರೋಗ, ಎಲ್ಲಾ ಕಿತ್ತು ಟ್ಯಾಂಕು ಬ್ಲೀಚಿಂಗ್ ಹಾಕಿ ತೊಳೀರಿ ಅಂದ್ರು. ಸಣ್ಣ ಸಣ್ಣ ಬಸವನಹುಳ ಬೇರೆ ಗ್ಲಾಸ್ ತುಂಬಾ. ಗಿಡ ಕಿತ್ತು ಬಿಸಾಕ್ಲಾ? ನಮ್ ತೋಟದ ಹಳ್ಳದಲ್ಲೇ ಇಂಥದೇ ಎಲೆ ಇರೋ ಗಿಡ ಇದೆ, ಅದನ್ನೇ ತಂದು ನೆಡಬಹುದಾ? ಮಗ ಸೀಗಡಿ ಬೇಕು ಅಂತಾನೆ, ಅದನ್ನೂ ಹೇಳಿಬಿಡಿ."

ಉತ್ತರ:

ಮೇಡಂ, ಬಿಸಾಕಬೇಡಿ. ಬುಡ ಇದೆ ಅಂತ ನೀವೇ ಬರೆದಿದೀರಲ್ಲ, ಅಷ್ಟು ಸಾಕು. ಈ ಗಿಡದಲ್ಲಿ ಎಲೆ ಸತ್ತರೆ ಗಿಡ ಸತ್ತಂಗಲ್ಲ. ಆದ್ರೆ ನೀವು ಬರೆದಿರೋದನ್ನ ಓದಿದ್ರೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತೆ, ಮೊದಲನೇ ಸಲ ಎಲೆ ಹೋಗಿದ್ದು ಸಹಜವಾಗಿ, ಅದಾದ್ಮೇಲೆ ಗಿಡ ಉಳಿಸೋಕೆ ಅಂತ ಮಾಡಿದ ಒಂದೊಂದು ಉಪಾಯನೂ ಅದಕ್ಕೆ ಹೊಸ ಪೆಟ್ಟು ಕೊಟ್ಟಿದೆ, ನೀರು ಬದಲು, ಉಪ್ಪು, ಎರಡು ಸಲ ಕಿತ್ತಿದ್ದು, 12 ಗಂಟೆ ಲೈಟು. ನಿಮ್ಮೊಬ್ಬರ ಕಥೆ ಅಲ್ಲ ಬಿಡಿ. ನಾನು ಹಾಸನ, ಚಿಕ್ಕಮಗಳೂರು, ಸಕಲೇಶಪುರ ಕಡೆ ಮನೆ, ಹೋಂಸ್ಟೇಗಳಿಗೆ ಟ್ಯಾಂಕು ಹಾಕಿಕೊಟ್ಟು ನೋಡಿಕೊಳ್ಳೋ ಕೆಲಸದಲ್ಲಿರೋನು, ಮಳೆಗಾಲ ಶುರುವಾದ್ರೆ ಬರೋ ಫೋನಲ್ಲಿ ಇದೇ ದೂರು ಜಾಸ್ತಿ.

ಮೊದಲು ಗಿಡ ಯಾವ ಜಾತಿದು ಅಂತ ತಿಳ್ಕೊಂಡ್ರೆ ಅರ್ಧ ಭಯ ಹೋಗುತ್ತೆ. ವೆಂಡ್ಟಿ ಶ್ರೀಲಂಕಾದ ಗಿಡ, 1958ರಲ್ಲಿ ಡೆ ವಿಟ್ ಅನ್ನೋ ಡಚ್ ಸಸ್ಯವಿಜ್ಞಾನಿ ಹೆಸರು ಕೊಟ್ಟಿದ್ದು. ಕುಟುಂಬ ಮಾತ್ರ ನಿಮಗೆ ಚೆನ್ನಾಗಿ ಗೊತ್ತಿರೋದೇ, ನೀವು ಪತ್ರೊಡೆ ಮಾಡೋ ಕೆಸು ಇದೆಯಲ್ಲ ಅದೇ ಕುಟುಂಬ, ಸುವರ್ಣಗೆಡ್ಡೆನೂ ಅದೇ. ಬೇಸಿಗೇಲಿ ಕೆಸುವಿನ ಎಲೆ ಒಣಗಿ ಹೋದ್ರೆ ನಾವು ಯಾರೂ ಗಾಬರಿ ಆಗಲ್ಲ, ಗೆಡ್ಡೆ ಮಣ್ಣಲ್ಲಿದೆ, ಮೊದಲ ಮಳೆಗೆ ಬರುತ್ತೆ ಅಂತ ಗೊತ್ತು. ಕ್ರಿಪ್ಟ್ ಬದುಕೋ ರೀತಿನೂ ಹೆಚ್ಚುಕಮ್ಮಿ ಹಾಗೇ. ಅದರ ಮೂಲ ಜಾಗದಲ್ಲಿ ಹೊಳೆ ದಂಡೇಲಿ ಇರುತ್ತೆ, ಮಳೆಗಾಲ ಬಂದ್ರೆ ಮುಳುಗುತ್ತೆ, ನೀರಿಳಿದ್ರೆ ಗಾಳಿಗೆ ಬರುತ್ತೆ, ಹೂ ಬಿಡೋದು ಸಾಮಾನ್ಯವಾಗಿ ನೀರಿಂದ ಹೊರಗಿದ್ದಾಗಲೇ. ನೀರು, ಬೆಳಕು, ಬಿಸಿ ದಿಢೀರ್ ಬದಲಾದ್ರೆ ಇರೋ ಎಲೆ ಎಲ್ಲಾ ಉದುರಿಸಿ ಮಣ್ಣೊಳಗಿನ ಕಾಂಡದಲ್ಲಿ ಕೂತಿರೋ ಶಕ್ತಿಯಿಂದ ಹೊಸ ಜಾಗಕ್ಕೆ ಹೊಂದೋ ಎಲೆ ಹುಟ್ಟಿಸುತ್ತೆ. ಇದಕ್ಕೆ ಹವ್ಯಾಸಿಗಳು ಕ್ರಿಪ್ಟ್ ಮೆಲ್ಟ್ ಅಂತಾರೆ. ಹಳೇ ಪುಸ್ತಕಗಳಲ್ಲಿ ಕ್ರಿಪ್ಟೋಕೊರಿನ್ ರೋಗ ಅಂತಾನೇ ಬರೀತಿದ್ರು, ಅಂಟುರೋಗ ಅಂತ ನಿಮಗೆ ಹೇಳಿದವರು ಅಲ್ಲಿಂದ ಕೇಳಿರಬಹುದು. ಒಂದು ಗಿಡದಿಂದ ಇನ್ನೊಂದಕ್ಕೆ ಹರಡೋ ರೋಗ ಇದಲ್ಲ. ನಾಲ್ಕೂ ಒಟ್ಟಿಗೆ ಕರಗಿದ್ದು ಯಾಕಂದ್ರೆ ನಾಲ್ಕಕ್ಕೂ ಒಂದೇ ದಿನ ಒಂದೇ ಪೆಟ್ಟು ಬಿತ್ತು, ಅಷ್ಟೇ. ಬ್ಲೀಚಿಂಗ್ ಹಾಕಿ ತೊಳೆದ್ರೆ ಫಿಲ್ಟರಲ್ಲಿ ಮರಳಲ್ಲಿ ಈಗಷ್ಟೇ ಕೂತಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿಂದ ಶುರು ಮಾಡಬೇಕು, ಮೀನೂ ಹೋಗುತ್ತೆ.

ಹಾಗಾದ್ರೆ ಬಂದಾಗ ಅಷ್ಟು ಚೆನ್ನಾಗಿದ್ದದ್ದು ಯಾಕೆ ಹೋಯ್ತು? ನರ್ಸರಿಯಲ್ಲಿ ಕುಂಡದ ಗಿಡಗಳನ್ನ ಹೆಚ್ಚಾಗಿ ನೀರೊಳಗೆ ಬೆಳೆಸಲ್ಲ. ತಟ್ಟೇಲಿ ಬೇರಿಗೆ ಮಾತ್ರ ನೀರು, ಮೇಲೆ ತೇವದ ಗಾಳಿ, ಹಂಗೆ ಬೆಳೆಸ್ತಾರೆ, ಬೇಗ ಬೆಳೆಯುತ್ತೆ, ಪಾಚಿ ಇಲ್ಲ, ಸಾಗಿಸೋಕೂ ಸುಲಭ. ಆ ಎಲೆ ಗಾಳಿಗೆ ಅಂತ ಮಾಡಿದ ಎಲೆ, ದಪ್ಪ, ಮೇಲೆ ಮೇಣದ ಪದರ, ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತಗೊಳ್ಳೋಕೆ ಸಣ್ಣ ರಂಧ್ರಗಳು. ಅದನ್ನ ಮುಳುಗಿಸಿದ್ರೆ ಆ ರಂಧ್ರ ಉಪಯೋಗಕ್ಕೆ ಬರಲ್ಲ, ನೀರಲ್ಲಿ ಅನಿಲ ಹರಡೋದು ಗಾಳಿಯಲ್ಲಿ ಹರಡೋದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರೊಳಗೆ ಹುಟ್ಟೋ ಎಲೆ ಬೇರೆ ಥರನೇ ಇರುತ್ತೆ, ತೆಳ್ಳಗೆ, ಸಾಮಾನ್ಯವಾಗಿ ಇನ್ನೂ ಉದ್ದ, ಅಂಚು ಸ್ವಲ್ಪ ಅಲೆಅಲೆ, ಬಣ್ಣನೂ ಬೇರೆ. ಕೊರಿಯರ್ ಡಬ್ಬದಲ್ಲಿ ಎರಡು ಮೂರು ದಿನ ಕತ್ತಲಲ್ಲಿದ್ದು ಬಂದು ನೀರಿಗೆ ಬಿದ್ದ ಗಿಡ ಹಳೇ ಎಲೆ ಬಿಟ್ಟಿದ್ರಲ್ಲಿ ಆಶ್ಚರ್ಯ ಏನೂ ಇಲ್ಲ. ಅಂಗಡಿಯವರು ಮಾರುವಾಗಲೇ ಇದನ್ನ ಒಂದು ಮಾತು ಹೇಳಬೇಕು, ಹೇಳಲ್ಲ, ಹೇಳಿದ್ರೆ ಯಾರು ತಗೋತಾರೆ.

ಸಿಓಟು ವಿಷಯ. ಸಿಲಿಂಡರ್ ಹಾಕಿದ್ರೆ ಕ್ರಿಪ್ಟ್ ಬೇಗ ಬೆಳೆಯುತ್ತೆ, ಇದು ನಿಜ, ಎಲ್ಲಾ ಗಿಡನೂ ಬೇಗ ಬೆಳೆಯುತ್ತೆ. ಇಲ್ಲದೆ ಬರಲ್ಲ ಅನ್ನೋದು ಸುಳ್ಳು. ಸಿಓಟು ಇಲ್ಲದೆ, ಸಾಧಾರಣ ಎಲ್ಇಡಿಯಲ್ಲಿ ವರ್ಷಗಟ್ಟಲೆ ಬದುಕೋ ಗಿಡಗಳ ಪಟ್ಟಿ ಮಾಡಿದ್ರೆ ವೆಂಡ್ಟಿ ಮೇಲಿನ ನಾಲ್ಕೈದರಲ್ಲೇ ಬರುತ್ತೆ. ಈಗಿನ ನಿಮ್ಮ ನೀರಿಗಂತೂ ಸಿಓಟು ಅಪಾಯ. ಮಳೆ ನೀರಲ್ಲಿ ಕಾರ್ಬೊನೇಟ್, ಅಂದ್ರೆ ಅಂಗಡಿಯವರು ಕೆಎಚ್ ಅನ್ನೋದು, ಹತ್ತಿರ ಹತ್ತಿರ ಸೊನ್ನೆ. ಪಿಎಚ್, ಅಂದ್ರೆ ನೀರಿನ ಹುಳಿಯ ಅಳತೆ, ಹಿಡಿದು ನಿಲ್ಲಿಸೋದೇ ಅದು. ಅದಿಲ್ಲದ ನೀರಿಗೆ ಸಿಓಟು ಬಿಟ್ರೆ ಪಿಎಚ್ ಸರ್ರನೆ ಇಳಿಯುತ್ತೆ, ಬೆಳಿಗ್ಗೆ ಎದ್ದು ನೋಡಿದ್ರೆ ಮೀನು ಮೇಲೆ ಬಾಯಿ ಬಡೀತಿರುತ್ತೆ. ದುಡ್ಡೂ ಉಳಿಸಿ ಮೀನೂ ಉಳಿಸಿ. ಬಾಟಲಿಯಲ್ಲಿ ಲಿಕ್ವಿಡ್ ಕಾರ್ಬನ್ ಅಂತ ಮಾರೋದೂ ಬೇಡ, ಅದರಲ್ಲಿ ಇರೋದು ಹೆಚ್ಚಾಗಿ ಗ್ಲುಟರಾಲ್ಡಿಹೈಡ್, ಆಸ್ಪತ್ರೇಲಿ ಸಲಕರಣೆ ಶುದ್ಧ ಮಾಡೋಕೆ ಬಳಸೋ ರಾಸಾಯನಿಕ, ಪಾಚಿ ಕೊಲ್ಲುತ್ತೆ ನಿಜ, ಸುಸ್ತಾಗಿರೋ ಗಿಡಕ್ಕೆ ಅದು ಯಾಕೆ.

ಈಗ ನೀರು. ನನ್ನ ಪ್ರಕಾರ ನಿಮ್ಮಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಮಳೆ ನೀರು ಶುದ್ಧ, ಆದ್ದರಿಂದ ಒಳ್ಳೇದು ಅನ್ನೋದು ನಮ್ಮ ಕಡೆ ಎಲ್ಲರ ತಲೇಲೂ ಇದೆ. ಶುದ್ಧ ಅಂದ್ರೆ ಅದರಲ್ಲಿ ಏನೂ ಇಲ್ಲ ಅಂತ ಅರ್ಥ, ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ, ಪೊಟ್ಯಾಸಿಯಂ ಇಲ್ಲ. ಬಾವಿ ನೀರಿಗೆ ಇನ್ನೂ ಹೊಂದಿಕೊಳ್ತಿದ್ದ ಗಿಡಕ್ಕೆ, ಮೀನಿಗೆ ಒಂದೇ ಸಲಕ್ಕೆ ಮುಕ್ಕಾಲು ಟ್ಯಾಂಕು ಖಾಲಿ ನೀರು ಬಂತು, ಅದೂ ಜೂನ್ ಮಳೇಲಿ ಹೊರಗಿಟ್ಟ ಡ್ರಮ್ಮಿನ ತಣ್ಣೀರು. ಬಿಸಿ ನಾಲ್ಕೈದು ಡಿಗ್ರಿ ಒಮ್ಮೆಲೇ ಇಳಿದಿರುತ್ತೆ. ಬಿಳಿಚುಕ್ಕೆ ಆಮೇಲೆ ನಾಲ್ಕು ದಿನಕ್ಕೆ ಕಾಣಿಸಿಕೊಂಡಿದ್ದಕ್ಕೂ ಇದಕ್ಕೂ ಸಂಬಂಧ ಇದೆ, ಪರಾವಲಂಬಿ ಮೊದಲೇ ಮೀನಿನ ಜೊತೆ ಬಂದಿರುತ್ತೆ, ಚಳಿಗೆ ಮೀನಿನ ಶಕ್ತಿ ಕುಗ್ಗಿದಾಗ ಮೇಲೇಳುತ್ತೆ. ಇನ್ನೊಂದು ಸಂಗತಿ, ನಿಮ್ಮ ಸೂರು ಹಂಚಾ ಶೀಟಾ ಬರೆದಿಲ್ಲ. ಹೊಸ ಜಿಂಕ್ ಶೀಟಾದ್ರೆ ಆ ನೀರಲ್ಲಿ ಸತು ಬರುತ್ತೆ, ಮೀನಿಗೆ ಒಳ್ಳೇದಲ್ಲ. ಹಂಚಾದ್ರೂ ಮೊದಲ ಒಂದೆರಡು ವಾರದ ಮಳೆಗೆ ಮೇಲಿದ್ದ ಧೂಳು, ಹಕ್ಕಿ ಹಿಕ್ಕೆ, ಪಕ್ಕದ ತೋಟಕ್ಕೆ ಔಷಧಿ ಹೊಡೆದಿದ್ರೆ ಗಾಳೀಲಿ ಬಂದು ಕೂತದ್ದು, ಎಲ್ಲಾ ಡ್ರಮ್ಮಿಗೇ ಇಳಿದಿರುತ್ತೆ.

ಮತ್ತೆ ಬಾವಿ ನೀರಿಗೇ ಬನ್ನಿ. ಕೆಂಪಾಗಿದ್ರೆ ಡ್ರಮ್ಮಲ್ಲಿ ತುಂಬಿ ಎರಡು ದಿನ ಕದಲಿಸದೆ ಬಿಡಿ, ಮಣ್ಣು ತಳಕ್ಕೆ ಕೂರುತ್ತೆ, ಮೇಲಿನ ಮುಕ್ಕಾಲು ಭಾಗ ಮಗ್ಗಲ್ಲಿ ನಿಧಾನ ತೆಗೀರಿ. ಸ್ವಲ್ಪ ಬಣ್ಣ ಉಳಿದ್ರೆ ಗಿಡಕ್ಕೆ ಮೀನಿಗೆ ಏನೂ ಆಗಲ್ಲ, ನೋಡೋಕೆ ಮಾತ್ರ. ಟ್ಯಾಂಕಿಗೆ ಹಾಕೋ ಮುಂಚೆ ಡ್ರಮ್ಮು ಒಂದು ರಾತ್ರಿ ಮನೆಯೊಳಗೆ ಇಡಿ, ಬಿಸಿ ಸರಿಹೋಗುತ್ತೆ. ಆದ್ರೆ ಮಳೆ ನೀರು ತೆಗೀಬೇಕು ಅಂತ ಇವತ್ತೇ ಮುಕ್ಕಾಲು ಟ್ಯಾಂಕು ಮತ್ತೆ ಬದಲಾಯಿಸೋಕೆ ಹೋಗಬೇಡಿ, ಅದು ಇನ್ನೊಂದು ಪೆಟ್ಟು. ವಾರಕ್ಕೆ ಎರಡು ಸಲ ಕಾಲು ಭಾಗ, ಅಷ್ಟೇ. ನಿಮ್ಮ ಟ್ಯಾಂಕು 2 ಅಡಿ ಉದ್ದ, ಸಾಮಾನ್ಯವಾಗಿ ಅದರ ಅಗಲ 1 ಅಡಿ, ಎತ್ತರ ಒಂದೂಕಾಲು ಅಡಿ, ಲೆಕ್ಕಕ್ಕೆ 70 ಲೀಟರ್, ಮಣ್ಣು ಮರಳು ಕಳೆದ್ರೆ 55 ಲೀಟರ್ ನೀರು. ಕಾಲು ಭಾಗ ಅಂದ್ರೆ 14 ಲೀಟರ್, ಒಂದು ದೊಡ್ಡ ಬಕೆಟ್. ಹಾಸನ ಟೌನಲ್ಲಿ ನಲ್ಲಿ ನೀರು ಬಳಸೋರಿಗೆ ಕ್ಲೋರಿನ್ ಚಿಂತೆ ಒಂದೇ, ಆಂಟಿಕ್ಲೋರಿನ್ ಹಾಕಿ. ಅರಸೀಕೆರೆ, ಕಡೂರು ಕಡೆ ಬೋರ್ ನೀರು ಗಡಸು, ಪಾತ್ರೆ ಬಿಳಿ ಕಟ್ಟುತ್ತೆ, ವೆಂಡ್ಟಿಗೆ ಅದೂ ಒಗ್ಗುತ್ತೆ. ಮೆದು ನೀರೋ ಗಡಸು ನೀರೋ ಅನ್ನೋದಕ್ಕಿಂತ ವರ್ಷ ಪೂರ್ತಿ ಅದೇ ನೀರು ಇರುತ್ತಾ ಅನ್ನೋದು ಈ ಗಿಡಕ್ಕೆ ಮುಖ್ಯ.

ಉಪ್ಪು. ಎರಡು ಹಿಡಿ ಅಂದ್ರೆ ಅಂದಾಜು ನೂರು ಗ್ರಾಂ ಮೇಲೆ, ಲೀಟರಿಗೆ ಹತ್ತಿರ ಹತ್ತಿರ 2 ಗ್ರಾಂ ಆಯ್ತು. ಮೀನು ತಡೆಯುತ್ತೆ, ಬಹಳ ಗಿಡ ತಡೆಯಲ್ಲ. ಉಪ್ಪು ಆವಿ ಆಗಲ್ಲ, ಗಿಡನೂ ಕುಡಿಯಲ್ಲ, ನೀರು ತೆಗೆದ್ರೆ ಮಾತ್ರ ಹೋಗೋದು, ಅದೂ ಕಾಲು ಕಾಲು ಭಾಗ ನಾಲ್ಕು ಸಲ ಬದಲಾಯಿಸಿದ್ಮೇಲೂ ಮೂರರಲ್ಲಿ ಒಂದು ಪಾಲು ಉಳಿದಿರುತ್ತೆ. ಅದಕ್ಕೇ ಎರಡು ವಾರಕ್ಕೆ ನಿಲ್ಲಿಸದೆ ತಿಂಗಳು ಪೂರ್ತಿ ಮಾಡಿ. ಚುಕ್ಕೆ ಇನ್ನೂ ಇದ್ರೆ ಟ್ಯಾಂಕಿಗೆ ಮತ್ತೆ ಉಪ್ಪು ಬೇಡ, ಹೀಟರ್ ಹಾಕಿ ದಿನಕ್ಕೆ ಒಂದು ಡಿಗ್ರಿ ಹಾಗೆ 28-29ಕ್ಕೆ ಏರಿಸಿ, ಏರ್ ಪಂಪ್ ಜೋರು ಮಾಡಿ, ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ. ಔಷಧಿ ತಗೊಂಡ್ರೆ ಡಬ್ಬದ ಮೇಲೆ ತಾಮ್ರ ಅಂತ ಇದ್ರೆ ವಾಪಸ್ ಕೊಡಿ.

ತಾಮ್ರದ ಮಾತು ಬಂದಿದ್ದಕ್ಕೆ ಮಣ್ಣಿನ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಕಾಫಿ ಸೀಮೆಯವರು ತಿಳ್ಕೊಳ್ಳಲೇಬೇಕಾದ್ದು, ಹೊರಗಿನ ವಿಡಿಯೋಗಳಲ್ಲಿ ಯಾರೂ ಹೇಳಲ್ಲ. ತೋಟದ ಮಣ್ಣು ತಳಕ್ಕೆ ಹಾಕೋದು ತಪ್ಪಲ್ಲ, ಕ್ರಿಪ್ಟ್ ಊಟ ಮಾಡೋದು ಹೆಚ್ಚಾಗಿ ಬೇರಲ್ಲಿ, ಮಣ್ಣು ಇದ್ರೆ ಅದಕ್ಕೆ ಖುಷಿ. ಆದ್ರೆ ಎಂಥ ಮಣ್ಣು? ನಮ್ಮ ತೋಟಗಳಿಗೆ ತುಕ್ಕು ರೋಗಕ್ಕೆ, ಕೊಳೆ ರೋಗಕ್ಕೆ ಅಜ್ಜನ ಕಾಲದಿಂದ ಬೋರ್ಡೋ ಹೊಡೀತಾನೇ ಬಂದಿದೀವಿ, ಮೈಲುತುತ್ತ ಸುಣ್ಣ ಕಲಸಿದ್ದು. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟು. ಎಲೆಯಿಂದ ಮಳೆಗೆ ತೊಳೆದು ಮಣ್ಣಿಗೆ ಬಿದ್ದ ತಾಮ್ರ ಎಲ್ಲೂ ಹೋಗಲ್ಲ, ಎಲೆಗೊಬ್ಬರದ ಮೇಲ್ಪದರದಲ್ಲಿ ಕಚ್ಚಿಕೊಂಡು ಕೂತಿರುತ್ತೆ, ವರ್ಷ ವರ್ಷ ಸೇರ್ತಾ ಹೋಗುತ್ತೆ. ನಾವು ಟ್ಯಾಂಕಿಗೆ ಕೆರೆದು ತರೋದು ಕಪ್ಪಗೆ ಚೆನ್ನಾಗಿದೆ ಅಂತ ಅದೇ ಮೇಲ್ಪದರ. ನೀರು ಹುಳಿ ಆದಷ್ಟೂ ಆ ತಾಮ್ರ ಬಿಟ್ಟುಕೊಳ್ಳೋದು ಜಾಸ್ತಿ, ಮಳೆ ನೀರು ತುಂಬಿದ ಟ್ಯಾಂಕು ಅದಕ್ಕೆ ಹೇಳಿ ಮಾಡಿಸಿದ್ದು.

ನಿಮ್ಮ ಟ್ಯಾಂಕಲ್ಲಿ ಆಗಿದೆಯಾ? ಆಗಿಲ್ಲ ಅಂತಲೇ ನನ್ನ ಊಹೆ, ಅದಕ್ಕೆ ಸಾಕ್ಷಿ ನೀವು ದೂರು ಕೊಟ್ಟ ಬಸವನಹುಳ. ತಾಮ್ರಕ್ಕೆ ಮೊದಲು ಸಾಯೋದು ಬಸವನಹುಳ, ಸೀಗಡಿ. ಅವು ಗ್ಲಾಸ್ ತುಂಬಾ ಮರಿ ಹಾಕ್ಕೊಂಡು ಓಡಾಡ್ತಿವೆ ಅಂದ್ರೆ ನೀರಲ್ಲಿ ತಾಮ್ರ ಕೊಲ್ಲೋವಷ್ಟು ಇಲ್ಲ. ಅವು ತಿಂತಿರೋದೂ ಕರಗಿದ ಎಲೆ, ಪಾಚಿ, ಗಿಡದ ಒಳ್ಳೆ ಎಲೆಗೆ ಅವು ಬಾಯಿ ಹಾಕಲ್ಲ, ಕೊಳೆತದ್ದು ಖಾಲಿ ಆದ್ರೆ ಸಂಖ್ಯೆ ತಾನೇ ಇಳಿಯುತ್ತೆ. ಆದ್ರೂ ನಿಮ್ಮನೆಯವರನ್ನ ಒಂದು ಮಾತು ಕೇಳಿ, ಮಣ್ಣು ಔಷಧಿ ಹೊಡೆಯೋ ಕಾಫಿ ಗಿಡದ ಬುಡದ್ದಾ, ಮನೆ ಹಿಂದಿನ ಹಿತ್ತಲದ್ದಾ ಅಂತ. ಹಿತ್ತಲದ್ದಾದ್ರೆ ಮೇಲಿರೋ ಮರಳು ಒಂದೂವರೆ ಎರಡಿಂಚು ಇದೆಯಾ ನೋಡಿ ಸುಮ್ಮನಿರಿ. ಕಾಫಿ ಬುಡದ್ದೇ ಆದ್ರೆ ತೆಗೆಯೋದೇ ವಾಸಿ, ಎಲೆ ಹೇಗೂ ಇಲ್ಲ, ಗಿಡಕ್ಕೆ ಹೋಗೋದಕ್ಕೆ ಇನ್ನೇನೂ ಉಳಿದಿಲ್ಲ, ತೆಗೆಯೋದಾದ್ರೆ ಈಗಲೇ, ಹೊಸ ಎಲೆ ಬಂದ್ಮೇಲೆ ಬೇಡ. ಕೊಟ್ಟಿಗೆ ಗೊಬ್ಬರ ಸೇರಿದ ಮಣ್ಣಾದ್ರೆ ತಾಮ್ರದ್ದಲ್ಲ, ಮೀನಿಗೆ ವಿಷವಾಗೋ ಅಮೋನಿಯಾದ ತೊಂದರೆ, ಅಮೋನಿಯಾ ಟೆಸ್ಟ್ ಕಿಟ್ ಒಂದು ತಗೊಳ್ಳಿ, ಈ ಒಂದು ಖರ್ಚಿಗೆ ನಾನು ಬೇಡ ಅನ್ನಲ್ಲ.

ಹಾಗೇ ಇನ್ನೊಂದು, ಮನೇಲಿ 17:17:17, 19:19:19 ರಸಗೊಬ್ಬರ ಇದ್ದೇ ಇರುತ್ತೆ, ಗಿಡ ಸೊರಗಿದೆ ಅಂತ ನಾಲ್ಕು ಕಾಳು ಮರಳಲ್ಲಿ ಹುದುಗಿಸೋರನ್ನ ನೋಡಿದೀನಿ. ಅದರಲ್ಲಿ ಸಾರಜನಕ ಹೆಚ್ಚಾಗಿ ಯೂರಿಯಾ, ಅಮೋನಿಯಂ ರೂಪದಲ್ಲಿರುತ್ತೆ, 55 ಲೀಟರಲ್ಲಿ ಮೀನು ಸಾಯೋಕೆ ಜಾಸ್ತಿ ಬೇಕಾಗಲ್ಲ. ಅಕ್ವೇರಿಯಂಗೆ ಅಂತ ಸಿಗೋ ರೂಟ್ ಟ್ಯಾಬ್, ಬೇರಿನ ಹತ್ರ ಹುದುಗಿಸೋ ಗೊಬ್ಬರದ ಗುಳಿಗೆ, ಬೇರೆ. ಅದೂ ಈಗ ಬೇಡ, ಎರಡು ಮೂರು ಹೊಸ ಎಲೆ ಬಂದ್ಮೇಲೆ ಗಿಡಕ್ಕೆ ಒಂದರಂತೆ, ಬುಡದಿಂದ ಎರಡು ಬೆರಳು ದೂರದಲ್ಲಿ.

ಬುಡ ಬದುಕಿದೆಯಾ ಅಂತ ನೋಡೋದು ಹೇಗೆ, ಕೀಳದೆ. ಪ್ಲಗ್ ತೆಗೆದು ಕೈ ತೊಳೆದು, ಸೋಪು ಬೇಡ, ಎಲೆ ಹೊರಡ್ತಿದ್ದ ಜಾಗ ಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿ ಇದ್ರೆ ಜೀವ ಇದೆ. ಮೆತ್ತಗೆ ಹಿಸುಕಿಕೊಂಡು ಕಪ್ಪು ಬಂದು ಕೊಳೆತ ಮೊಟ್ಟೆ ವಾಸನೆ ಹೊಡೆದ್ರೆ ಅದು ಹೋಗಿದೆ, ಅದೊಂದನ್ನ ತೆಗೆದುಬಿಡಿ. ನೆಡುವಾಗ ಆ ಬುಡ ಮರಳಿನ ಮಟ್ಟಕ್ಕೆ ಕಾಣೋ ಹಾಗಿರಬೇಕು, ಎರಡು ಸಲ ನೆಟ್ಟಿದ್ರಲ್ಲಿ ಆಳಕ್ಕೆ ಹೋಗಿದ್ರೆ ಗಿಡ ಎಳೀಬೇಡಿ, ಸುತ್ತ ಮರಳನ್ನ ಬೆರಳಲ್ಲಿ ಸರಿಸಿ ಬುಡ ಕಾಣಿಸಿ ಸಾಕು. ಕುಂಡದ ಬೂದು ಹತ್ತಿ ಥರದ್ದು, ರಾಕ್‌ವೂಲ್, ಬೇರಲ್ಲೇ ಬಿಟ್ಟು ನೆಟ್ಟಿದ್ರೆ ಅದಕ್ಕೂ ಈಗ ಕೈ ಹಾಕಬೇಡಿ. ಲೋಳೆ ಎಲೆ, ತೊಟ್ಟು ಮಾತ್ರ ಕತ್ತರಿಯಲ್ಲಿ ಕತ್ತರಿಸಿ ಹೊರಗೆ ಹಾಕಿ, ಸಣ್ಣ ಪೈಪಲ್ಲಿ ಚೂರು ಹೀರಿ ತೆಗೀರಿ, ಅದು ಟ್ಯಾಂಕಲ್ಲೇ ಕೊಳೆತ್ರೆ ಅಮೋನಿಯಾ. ಗಿಡ ಕತ್ತರಿಸಿದ್ಮೇಲೆ ಕೈ ಕೆರೆತ ಬಂದ್ರೆ ಗಾಬರಿ ಬೇಡ, ಕೆಸು ಹೆಚ್ಚುವಾಗ ಬರೋ ಕೆರೆತನೇ, ಗಿಡದೊಳಗಿರೋ ಅದೇ ಆಕ್ಸಲೇಟ್ ಹರಳಿನ ಸಣ್ಣ ಸೂಜಿಗಳು.

ಇಷ್ಟು ಮಾಡಿ ಎರಡರಿಂದ ನಾಲ್ಕು ವಾರ ಕಾದ್ರೆ ಬುಡದ ಮಧ್ಯದಿಂದ ಸುರುಳಿ ಸುತ್ತಿದ ಕಂದು ಹಸಿರು ಮೊನೆ ಬರುತ್ತೆ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಮೊದಲ ದಿನ ಕಸ ಅಂತಲೇ ಅನ್ಸುತ್ತೆ. ಕೆಲವಕ್ಕೆ ಆರು ವಾರ ಹಿಡಿಯುತ್ತೆ, ನಿಮ್ಮದು ಎರಡು ಸಲ ಕಿತ್ತಿರೋದ್ರಿಂದ ನಾನು ಆರು ವಾರ ಅಂತಲೇ ಇಟ್ಕೋತೀನಿ. ಪೊದೆ ಆಗೋಕೆ ನಾಲ್ಕು ತಿಂಗಳು. ಲೈಟು 12 ಗಂಟೆ ಬೇಡ, ಆರೇ ಗಂಟೆ, ಟೈಮರ್ ಹಾಕಿ, ಹೊರಗೆ ಮೋಡ ಇದ್ದದ್ದಕ್ಕೂ ಟ್ಯಾಂಕಿನ ಲೈಟಿಗೂ ಸಂಬಂಧ ಇಲ್ಲ, ಎಲೆ ಇಲ್ಲದ ಟ್ಯಾಂಕಲ್ಲಿ ಬೆಳಕು ತಿನ್ನೋದು ಪಾಚಿ ಮಾತ್ರ. ಎಲೆ ಬಂದ್ಮೇಲೆ ಏಳು, ಎಂಟು ಗಂಟೆಗೆ ಏರಿಸಿ. ನಿಮಗೆ ಗಿಡ್ಡಕ್ಕೇ ಬೇಕು ಅಂದಿದೀರಿ, ಬೆಳಕು ತೀರಾ ಕಮ್ಮಿ ಆದ್ರೆ ತೊಟ್ಟು ಉದ್ದ ಎದ್ದು ಎಲೆ ಮೇಲಕ್ಕೆ ಹೋಗುತ್ತೆ, ಹದವಾಗಿದ್ರೆ ಅಗಲಕ್ಕೆ ಹರಡಿ ನೆಲಕ್ಕೆ ಕೂರುತ್ತೆ. ವೆಂಡ್ಟಿಯಲ್ಲೂ ತಳಿ ಬೇರೆ ಬೇರೆ, ಎತ್ತರ ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್ ಒಳಗೆ ಇರುತ್ತೆ, ಒಂದೂಕಾಲು ಅಡಿ ಟ್ಯಾಂಕಿನ ನಡುವಿಗೆ ಸರಿಯಾದ ಅಳತೆ. ಇನ್ನೂ ಗಿಡ್ಡ ಬೇಕಾದ್ರೆ ಪಾರ್ವಾ ಅಂತ ಇದೆ, ಕ್ರಿಪ್ಟ್‌ಗಳಲ್ಲೇ ಅತಿ ಸಣ್ಣದು, ಅದೂ ಶ್ರೀಲಂಕಾದ್ದೇ, ಆದ್ರೆ ಅದರ ನಿಧಾನ ನೋಡಿದ್ರೆ ನಿಮ್ಮ ಮಗ ಕಾಲೇಜಿಗೆ ಹೋಗಿರ್ತಾನೆ.

ಹೀಟರ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಡಿಸೆಂಬರಲ್ಲಿ ಇದೇ ಕಥೆ ಮತ್ತೆ ಆಗಬಾರದು ಅಂತ ಹೇಳ್ತಿದೀನಿ. ಕ್ರಿಪ್ಟ್‌ಗೆ 22ರಿಂದ 28 ಡಿಗ್ರಿ ಹಿತ. ನಿಮ್ಮ ಕಡೆ ಚಳಿಗಾಲದ ರಾತ್ರಿ ಟ್ಯಾಂಕಿನ ನೀರು 20ಕ್ಕಿಂತ ಕೆಳಗೆ ಹೋಗುತ್ತೆ, ಬೆಂಗಳೂರಿನ ಅಂಗಡಿಯವರಿಗೆ ಇದರ ಅಂದಾಜು ಇರಲ್ಲ, ಹೀಟರ್ ಬೇಡ ಅಂದುಬಿಡ್ತಾರೆ. 75 ವ್ಯಾಟಿಂದು ಸಾಕು, 24ಕ್ಕೆ ಇಟ್ಟುಬಿಡಿ. 28ಕ್ಕೆ ಇಟ್ರೆ ಕರೆಂಟ್ ಹೋದಾಗ ಇಳಿಯೋ ದೂರ ಜಾಸ್ತಿ, ಮಳೆಗಾಲದಲ್ಲಿ ಮರ ಬಿದ್ದು ನಿಮ್ಮಲ್ಲಿ ಕರೆಂಟ್ ಎರಡೆರಡು ದಿನ ಇರಲ್ಲ ಅನ್ನೋದು ನನಗೂ ಗೊತ್ತು. ಆಗ ಟ್ಯಾಂಕಿಗೆ ಕಂಬಳಿ ಸುತ್ತಿ ಬಿಡಿ, ಏರ್ ಪಂಪ್ ಮಾತ್ರ ಇನ್ವರ್ಟರಿಗೆ ಹಾಕಿ, ಗಿಡ ಎರಡು ದಿನ ಕತ್ತಲು ಆರಾಮಾಗಿ ತಡೆಯುತ್ತೆ. ಚುಕ್ಕೆಗೆ ಅಂತ 28-29 ಮಾಡಿದ್ರೂ ಮೀನು ವಾಸಿಯಾದ ಒಂದು ವಾರಕ್ಕೆ ಅದೇ ನಿಧಾನದಲ್ಲಿ 24ಕ್ಕೆ ಇಳಿಸಿ. ಅರ್ತಿಂಗ್ ಸರಿ ಇರೋ ಸಾಕೆಟ್ಟೇ ಬಳಸಿ.

ಕಾಯೋಕೆ ಮನಸ್ಸಿಲ್ಲ ಅಂದ್ರೆ ಏನು ದಾರಿ? ಬುಡಗಳನ್ನ ತೆಗೆದು ಗಾಜಿನ ಡಬ್ಬದಲ್ಲಿ ಒದ್ದೆ ಮರಳಿಗೆ ನೆಟ್ಟು ಮುಚ್ಚಳ ಅರ್ಧ ಹಾಕಿ ಕಿಟಕಿ ಹತ್ರ ಇಟ್ರೆ ನಮ್ಮ ಮಳೆಗಾಲದ ಗಾಳಿಗೆ ಸೊಗಸಾಗಿ ಚಿಗುರುತ್ತೆ, ಬೇಗನೂ ಚಿಗುರುತ್ತೆ. ತೊಂದರೆ ಏನಂದ್ರೆ ಅದು ಮತ್ತೆ ಗಾಳಿ ಎಲೆ, ಟ್ಯಾಂಕಿಗೆ ಹಾಕಿದ ದಿನ ಮತ್ತೆ ಕರಗುತ್ತೆ. ಬೂಷ್ಟು ಹಿಡಿಯೋದೂ ಉಂಟು. ನಾಲ್ಕರಲ್ಲಿ ಒಂದನ್ನ ಹಾಗೆ ಉಳಿಸಿಕೊಳ್ಳೋದಾದ್ರೆ ಪರವಾಗಿಲ್ಲ, ನಾಲ್ಕನ್ನೂ ಬೇಡ. ಇನ್ನೊಂದು, ಟಿಶ್ಯೂ ಕಲ್ಚರ್ ಕಪ್ಪು, ಅಂದ್ರೆ ಲ್ಯಾಬಲ್ಲಿ ಜೆಲ್ ಮೇಲೆ ಬೆಳೆಸಿದ ಗಿಡ, ತರಿಸೋದು, ಹುಳ ಪಾಚಿ ಏನೂ ಬರಲ್ಲ, ಆದ್ರೆ ಗಿಡ ಚಿಕ್ಕದು, ಬೇರಿನ ಜೆಲ್ ಪೂರ್ತಿ ತೊಳೀಬೇಕು, ಮೆಲ್ಟ್ ಆಗಲ್ಲ ಅಂತ ಗ್ಯಾರಂಟಿ ಅದಕ್ಕೂ ಇಲ್ಲ. ನಡುಭಾಗ ಈಗ ಬೋಳಾಗಿದೆ ಅನ್ನೋದೇ ಬೇಜಾರಾದ್ರೆ ಅನುಬಿಯಸ್ ನಾನಾ ಒಂದು ತಂದು ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಿ ನಡುವೆ ಇಡಿ, ಅದು ಕಮ್ಮಿ ಬೆಳಕಿಗೆ ಜಗ್ಗಲ್ಲ, ಆದ್ರೆ ಅದರ ಕಾಂಡ ಮರಳಲ್ಲಿ ಹೂತ್ರೆ ಕೊಳೆಯುತ್ತೆ. ಸ್ಟೌರೋಜೈನ್ ರೆಪೆನ್ಸ್ ಅಂತ ಒಂದು ಗಿಡ್ಡ ಗಿಡ ವಿಡಿಯೋಗಳಲ್ಲಿ ಬಹಳ ತೋರಿಸ್ತಾರೆ, ನೋಡೋಕೆ ಚಂದ, ನಿಮ್ಮ ಲೈಟಿಗೆ ಅದು ಸಣಕಲಾಗುತ್ತೆ.

ಹಳ್ಳದ ಗಿಡ. ನೀವು ನೋಡಿರೋದು ಹೆಚ್ಚಾಗಿ ಲಾಜೆನಾಂಡ್ರಾ ಜಾತಿ ಇರಬೇಕು, ಕ್ರಿಪ್ಟ್‌ನ ಹತ್ತಿರದ ಸಂಬಂಧಿ, ಮಲೆನಾಡಿನ ಹಳ್ಳದ ಅಂಚಲ್ಲಿ ನೆರಳಲ್ಲಿ ಬೆಳೆಯುತ್ತೆ. ಚಿಗುರು ಎಲೆಯ ಎರಡೂ ಅಂಚು ಒಳಗೆ ಸುತ್ತಿಕೊಂಡಿದ್ರೆ ಲಾಜೆನಾಂಡ್ರಾ, ಒಂದೇ ಸುರುಳಿಯಾಗಿ ಸುತ್ತಿದ್ರೆ ಕ್ರಿಪ್ಟ್, ಇದೊಂದು ನೋಡಿ ಹೇಳಬಹುದು. ಲಾಜೆನಾಂಡ್ರಾದಲ್ಲಿ ಓವಟಾ ಅನ್ನೋದು ಮೊಣಕಾಲೆತ್ತರ ದಾಟುತ್ತೆ, 2 ಅಡಿ ಟ್ಯಾಂಕಿಗೆ ಆಗೋ ಮಾತಲ್ಲ. ಮೀಬೋಲ್ಡಿ ಅಂತ ಇನ್ನೊಂದು ಜಾತಿ ಇದೆ, ಕರ್ನಾಟಕ, ಕೇರಳದ ಘಟ್ಟದ್ದೇ, ಗಿಡ್ಡ, ಅದರ ಕೆಂಪು ತಳಿ ಪ್ರಪಂಚದ ಅಕ್ವೇರಿಯಂ ಅಂಗಡಿಗಳಲ್ಲೆಲ್ಲಾ ಮಾರಾಟಕ್ಕಿದೆ, ನಿಮಗೆ ಬೇಕಾದ್ರೆ ನರ್ಸರಿಯಲ್ಲಿ ಬೆಳೆಸಿದ್ದೇ ಸಿಗುತ್ತೆ, ಅದನ್ನ ತಗೊಳ್ಳಿ. ಹಳ್ಳದಿಂದ ಕಿತ್ತು ತಂದ್ರೂ ಅದು ಗಾಳಿ ಎಲೆನೇ, ಕರಗೋದು ತಪ್ಪಲ್ಲ, ಜೊತೆಗೆ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಬರುತ್ತೆ, ಆ ಮರಿಹುಳ ಸಣ್ಣ ಮೀನು ಹಿಡಿದು ತಿನ್ನುತ್ತೆ. ನಿಮ್ಮ ಜಾಗದ ಹಳ್ಳ ಅಂತ ನೀವಂತೀರಿ, ಹಳ್ಳ ಸ್ವಲ್ಪ ಮೇಲೆ ರಿಸರ್ವ್ ಫಾರೆಸ್ಟಿಗೆ ಹೋದ್ರೆ ಅಲ್ಲಿ ಗಿಡ ಕೀಳೋದು ಅಪರಾಧ, ಗಡಿ ಕಲ್ಲು ಎಲ್ಲಿದೆ ಅಂತ ಎಷ್ಟು ಜನರಿಗೆ ಗೊತ್ತು. ಅಲ್ಲೇ ಇರಲಿ ಬಿಡಿ, ದಂಡೆ ಮಣ್ಣು ಹಿಡಿದುಕೊಂಡಿರೋದೇ ಅಂಥ ಗಿಡಗಳು.

ಸೀಗಡಿ ಈಗಲೇ ಬೇಡ. ಅಮೋನಿಯಾ ಸೊನ್ನೆ ಬರಬೇಕು, ಉಪ್ಪು ಪೂರ್ತಿ ಹೋಗಬೇಕು, ಬಾವಿ ನೀರಿಂದ ಸ್ವಲ್ಪ ಕ್ಯಾಲ್ಸಿಯಂ ಸೇರಬೇಕು, ಇಲ್ಲಾಂದ್ರೆ ಪೊರೆ ಬಿಡುವಾಗ ಸಾಯ್ತವೆ. ಕ್ರಿಪ್ಟ್‌ಗೆ ಮೂರ್ನಾಲ್ಕು ನೀರೆಲೆ ಬಂದು, ಬಸವನಹುಳ ಆಗಲೂ ಓಡಾಡ್ತಿದ್ರೆ ಚೆರ್ರಿ ಸೀಗಡಿ ಐದು ತಂದು ಬಿಡಿ, ಐದೇ, ಅವು ಒಂದು ತಿಂಗಳು ಉಳಿದ್ರೆ ಇನ್ನಷ್ಟು ತರಬಹುದು. ಟ್ಯಾಂಕಲ್ಲಿ ಏಂಜಲ್ ಮೀನು ಇದ್ರೆ ಮಾತ್ರ ಸೀಗಡಿ ತರಲೇಬೇಡಿ, ಮಗನಿಗೆ ಮೊದಲೇ ಹೇಳಿಬಿಡಿ.